ಪಾದ್ರಿ ಹೊಡೆದುಹಾಕಿದ ಪ್ಯಾರಾ

ಎಲ್ಲರಿಗೂ ನಮಸ್ಕಾರ.

ವಿಜ್ಞಾನಕ್ಕೂ ದೇವರ ನಂಬಿಕೆಗೂ ಹೊಂದಿಕೆ ಆಗುತ್ತದಾ ಅಂತ ಕೇಳಿದ ತಕ್ಷಣ ಎರಡೂ ಕಡೆಯಿಂದ ಹೆಸರುಗಳ ಪಟ್ಟಿ ಶುರುವಾಗುತ್ತದೆ. ನ್ಯೂಟನ್ ದೇವರನ್ನು ನಂಬಿದ್ದರು, ರಾಮಾನುಜನ್ ನಾಮಗಿರಿ ದೇವಿಯ ಭಕ್ತರು ಅಂತ ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ನಾಸ್ತಿಕ ವಿಜ್ಞಾನಿಗಳ ಹೆಸರು ಹೇಳುತ್ತಾರೆ. ಇಂಥ ಪಟ್ಟಿಯಿಂದ ನಮಗೆ ಗೊತ್ತಾಗುವುದು ಒಂದೇ ಸಂಗತಿ. ಒಂದೇ ತಲೆಯಲ್ಲಿ ಎರಡೂ ಇರಬಹುದು, ಇಲ್ಲದೆಯೂ ಇರಬಹುದು.

1979ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಮೂವರಿಗೆ ಬಂತು. ಅವರಲ್ಲಿ ಪಾಕಿಸ್ತಾನದ ಅಬ್ದುಸ್ ಸಲಾಂ ದೈವಭಕ್ತ ಮುಸ್ಲಿಂ. ಬಹುಮಾನದ ಔತಣಕೂಟದ ಭಾಷಣದಲ್ಲೂ ಕುರಾನ್ ವಾಕ್ಯ ಹೇಳಿದವರು. ಅಮೆರಿಕದ ಸ್ಟೀವನ್ ವೈನ್‌ಬರ್ಗ್ ಪಕ್ಕಾ ನಾಸ್ತಿಕ. ವಿದ್ಯುತ್ಕಾಂತ ಬಲ ಮತ್ತು ಪರಮಾಣು ಬೀಜದೊಳಗಿನ ದುರ್ಬಲ ಬಲ, ಎರಡಕ್ಕೂ ಮೂಲ ಒಂದೇ ಅನ್ನುವ ಸಿದ್ಧಾಂತಕ್ಕೆ ಇಬ್ಬರೂ ಬೇರೆ ಬೇರೆಯಾಗಿ ಬಂದು ಮುಟ್ಟಿದರು. 1973ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಅದಕ್ಕೆ ಮೊದಲ ದೊಡ್ಡ ಪುರಾವೆ ಸಿಕ್ಕಿತು. ಅಲ್ಲಿನ ಯಂತ್ರ ಇವರಿಬ್ಬರ ನಂಬಿಕೆಯನ್ನು ವಿಚಾರಿಸಲಿಲ್ಲ. ಹಾಗಾಗಿ ವಿಜ್ಞಾನಿ ಆಸ್ತಿಕನಾಗಿರಬಹುದಾ ಅನ್ನುವ ಪ್ರಶ್ನೆಯನ್ನು ನಾನು ಇಲ್ಲಿಗೇ ಬಿಡುತ್ತೇನೆ. ದೇವರನ್ನು ನಂಬುವ ಒಬ್ಬ ವಿಜ್ಞಾನಿ, ತನ್ನ ನಂಬಿಕೆ ಮತ್ತು ತನ್ನ ಲೆಕ್ಕ ಒಂದಕ್ಕೊಂದು ತಾಗುವ ಜಾಗದಲ್ಲಿ ಹೇಗೆ ನಡೆದುಕೊಳ್ಳಬೇಕು? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆ. ಇದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ ಬೆಲ್ಜಿಯಂನ ಒಬ್ಬ ಪಾದ್ರಿ, ಜಾರ್ಜ್ ಲೆಮೈತ್ರ್.

ಅವರು ಹುಟ್ಟಿದ್ದು 1894ರಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದರು. 1923ರಲ್ಲಿ ಕ್ಯಾಥೊಲಿಕ್ ಪಾದ್ರಿಯಾದರು. ಅದೇ ವರ್ಷ ಕೇಂಬ್ರಿಜ್‌ಗೆ ಹೋಗಿ ಖಗೋಳ ವಿಜ್ಞಾನಿ ಎಡಿಂಗ್ಟನ್ ಹತ್ತಿರ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಕಲಿತರು. ಗೆಲಾಕ್ಸಿಗಳು, ಅಂದರೆ ನಕ್ಷತ್ರಗಳ ದೊಡ್ಡ ದೊಡ್ಡ ಗುಂಪುಗಳು, ನಮ್ಮಿಂದ ದೂರ ಓಡುತ್ತಿರುವುದಕ್ಕೆ ಕಾರಣ ವಿಶ್ವವೇ ಹಿಗ್ಗುತ್ತಿರುವುದು ಅಂತ 1927ರಲ್ಲಿ ಫ್ರೆಂಚ್‌ನಲ್ಲಿ ಒಂದು ಪ್ರಬಂಧ ಬರೆದರು. ಗೆಲಾಕ್ಸಿ ಎಷ್ಟು ದೂರವೋ ಅದರ ವೇಗ ಅಷ್ಟು ಜಾಸ್ತಿ ಅನ್ನುವ ನಿಯಮ ಅದರಲ್ಲೇ ಇದೆ. ಅಮೆರಿಕದ ಖಗೋಳ ವಿಜ್ಞಾನಿ ಹಬಲ್ ತಮ್ಮ ಅಳತೆಗಳನ್ನು ಪ್ರಕಟಿಸಿದ್ದು ಎರಡು ವರ್ಷ ಆದಮೇಲೆ. ಆ ನಿಯಮಕ್ಕೆ ಹಬಲ್ ಜೊತೆ ಲೆಮೈತ್ರ್ ಹೆಸರೂ ಸೇರಬೇಕು ಅಂತ ಜಗತ್ತಿನ ಖಗೋಳ ವಿಜ್ಞಾನಿಗಳ ಒಕ್ಕೂಟ ಮತ ಹಾಕಿ ಒಪ್ಪಿದ್ದು 2018ರಲ್ಲಿ!

ಐನ್‌ಸ್ಟೈನ್ ಮೊದಲು ಒಪ್ಪಲಿಲ್ಲ. 1927ರಲ್ಲಿ ಬ್ರಸೆಲ್ಸ್‌ನಲ್ಲಿ ಸಿಕ್ಕಾಗ, ನಿಮ್ಮ ಲೆಕ್ಕ ಸರಿಯಿದೆ, ಭೌತಶಾಸ್ತ್ರ ಮಾತ್ರ ಕೆಟ್ಟದಾಗಿದೆ ಅನ್ನುವ ಅರ್ಥದಲ್ಲಿ ಮುಖಕ್ಕೇ ಹೇಳಿದರಂತೆ. ಲೆಮೈತ್ರ್ ಹಿಂದೆ ಸರಿಯಲಿಲ್ಲ. ವಿಶ್ವ ಹಿಗ್ಗುತ್ತಿದೆ ಅಂದರೆ ಹಿಂದಕ್ಕೆ ಹೋದಷ್ಟೂ ಚಿಕ್ಕದಾಗಿರಬೇಕು, ಅಲ್ವಾ? 1931ರಲ್ಲಿ ಅವರು 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಲೇಖನ ಕಳಿಸಿದರು. ಇಡೀ ವಿಶ್ವ ಒಂದೇ ಒಂದು ಆದಿ ಕಣದಿಂದ ಶುರುವಾಗಿರಬಹುದು ಅಂತ ಅದರಲ್ಲಿ ಹೇಳಿದರು. ಇವತ್ತು ನಾವು ಮಹಾಸ್ಫೋಟ ಅನ್ನುವ ಸಿದ್ಧಾಂತದ ಬೀಜ ಅದು.

ಆ ಲೇಖನದ ಕರಡು ಪ್ರತಿ ಇವತ್ತಿಗೂ ಉಳಿದಿದೆ. ಅದರ ಕೊನೆಯಲ್ಲಿ, ಅಚ್ಚಾದ ಲೇಖನದಲ್ಲಿ ಇಲ್ಲದ ಒಂದು ಪ್ಯಾರಾ ಇದೆ. ಪರಮಾತ್ಮನನ್ನು ನಂಬುವವರು ದೇವರು ಮರೆಯಲ್ಲೇ ಇರುವವನು ಅಂತಲೂ ನಂಬುತ್ತಾರೆ, ಈಗಿನ ಭೌತಶಾಸ್ತ್ರವೂ ಸೃಷ್ಟಿಯ ಮುಂದೆ ಒಂದು ಪರದೆ ಎಳೆದಿರುವುದನ್ನು ಕಂಡರೆ ಅವರಿಗೆ ಸಂತೋಷವಾಗಬಹುದು, ಇದು ಅದರ ಸಾರಾಂಶ. ಭಕ್ತನೊಬ್ಬ ಮನಸ್ಸು ತುಂಬಿ ಬರೆದ ಮಾತು. ಕಳಿಸುವ ಮೊದಲು ಲೆಮೈತ್ರ್ ಅದನ್ನು ಹೊಡೆದುಹಾಕಿದರು. ಅವರ ನಂಬಿಕೆ ಏನೂ ಕಡಿಮೆಯಾಗಿರಲಿಲ್ಲ. ಸಾಯುವವರೆಗೂ ಪಾದ್ರಿಯಾಗಿಯೇ ಇದ್ದರು. ಭೌತಶಾಸ್ತ್ರದ ಲೇಖನ ಓದುವವನು ಒಪ್ಪಬೇಕಾದದ್ದು, ಬಿಡಬೇಕಾದದ್ದು ಅದರ ಲೆಕ್ಕವನ್ನು ನೋಡಿ. ಆ ಪ್ಯಾರಾಗೆ ಅಲ್ಲಿ ಕೆಲಸ ಇರಲಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ನಿಜವಾದ ಪರೀಕ್ಷೆ ಬಂದಿದ್ದು ಇಪ್ಪತ್ತು ವರ್ಷ ಆದಮೇಲೆ. 1951ರ ನವೆಂಬರ್‌ನಲ್ಲಿ ಪೋಪ್ ಹನ್ನೆರಡನೇ ಪಯಸ್ ತಮ್ಮದೇ ವಿಜ್ಞಾನ ಅಕಾಡೆಮಿಯ ಮುಂದೆ ಭಾಷಣ ಮಾಡಿದರು. 'ಬೆಳಕಾಗಲಿ' ಅಂತ ದೇವರು ನುಡಿದ ಆ ಆದಿಕ್ಷಣಕ್ಕೆ ಇವತ್ತಿನ ವಿಜ್ಞಾನ ಸಾಕ್ಷಿಯಾಗಿದೆ ಅನ್ನುವ ಧಾಟಿಯಲ್ಲಿ ಮಾತಾಡಿದರು. ಸ್ವಲ್ಪ ಯೋಚನೆ ಮಾಡಿ. ತನ್ನ ಧರ್ಮದ ಅತಿ ದೊಡ್ಡ ಗುರುವೇ ತನ್ನ ಸಿದ್ಧಾಂತಕ್ಕೆ ಆಶೀರ್ವಾದ ಮಾಡುತ್ತಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ತೆಗೆದುಕೊಳ್ಳುತ್ತಿದ್ದರು. ಲೆಮೈತ್ರ್‌ಗೆ ಮಾತ್ರ ಬೇಸರವಾಯಿತು. ಮರುವರ್ಷ ರೋಮ್‌ನಲ್ಲಿ ಖಗೋಳ ವಿಜ್ಞಾನಿಗಳ ದೊಡ್ಡ ಸಭೆ ಇತ್ತು. ಅದಕ್ಕೆ ಮೊದಲೇ ಅವರು ಪೋಪ್ ಅವರ ವಿಜ್ಞಾನ ಸಲಹೆಗಾರರನ್ನು ಕಂಡು ಮಾತಾಡಿದರು. 1952ರ ಸೆಪ್ಟೆಂಬರ್‌ನ ಆ ಸಭೆಯಲ್ಲಿ ಪೋಪ್ ಮತ್ತೆ ಆ ಮಾತು ಎತ್ತಲಿಲ್ಲ.

ಅದೇ ಸಭೆಯಲ್ಲಿ ವಾಲ್ಟರ್ ಬಾಡೆ ಅನ್ನುವ ಖಗೋಳ ವಿಜ್ಞಾನಿ ಒಂದು ಹೊಸ ಲೆಕ್ಕ ಮುಂದಿಟ್ಟರು. ಗೆಲಾಕ್ಸಿಗಳ ದೂರವನ್ನು ನಾವು ಕಡಿಮೆ ಅಳೆದಿದ್ದೇವೆ, ಅದನ್ನು ಎರಡು ಪಟ್ಟು ಮಾಡಬೇಕು ಅಂದರು. ಅದೇ ವೇಗದಲ್ಲಿ ಎರಡು ಪಟ್ಟು ದೂರ ಹೋಗಲು ಎರಡು ಪಟ್ಟು ಸಮಯ ಬೇಕಲ್ಲ, ಅಲ್ಲಿಗೆ ಲೆಕ್ಕದಲ್ಲಿ ವಿಶ್ವದ ವಯಸ್ಸೂ ಎರಡು ಪಟ್ಟಾಯಿತು. ಆಮೇಲೆ ಇನ್ನೂ ಬದಲಾಗುತ್ತಾ ಬಂದು, ಈಗ ಸುಮಾರು 1380 ಕೋಟಿ ವರ್ಷ ಅನ್ನುತ್ತೇವೆ. ವಿಜ್ಞಾನದಲ್ಲಿ ಹೀಗೆ ತಿದ್ದಿಕೊಳ್ಳುವುದು ಆರೋಗ್ಯದ ಲಕ್ಷಣ. ಭಕ್ತಿಯನ್ನು ಇಂಥ ಒಂದು ಅಂಕಿಗೆ ಕಟ್ಟಿದರೆ ಅಂಕಿ ಬದಲಾದಾಗಲೆಲ್ಲ ಭಕ್ತನ ಎದೆ ಅಲ್ಲಾಡಬೇಕಾಗುತ್ತದೆ. ಆಗ ಅವನು ಅಂಕಿ ಬದಲಾಗದ ಹಾಗೆ ತಡೆಯಲು ಹೊರಡುತ್ತಾನೆ. ನನಗೆ ಭಯ ಇರುವುದು ಅಲ್ಲೇ.

ನಾಸ್ತಿಕರಿಗೂ ಈ ಎಳೆತ ತಪ್ಪಿದ್ದಲ್ಲ. ಮಹಾಸ್ಫೋಟಕ್ಕೆ 'ಬಿಗ್ ಬ್ಯಾಂಗ್' ಅಂತ 1949ರಲ್ಲಿ ಬಿಬಿಸಿ ರೇಡಿಯೊದಲ್ಲಿ ಹೆಸರಿಟ್ಟ ಫ್ರೆಡ್ ಹಾಯ್ಲ್ ದೊಡ್ಡ ವಿಜ್ಞಾನಿ. ನಕ್ಷತ್ರಗಳ ಒಡಲಲ್ಲಿ ಇಂಗಾಲದಂಥ ಧಾತುಗಳು ಹೇಗೆ ಹುಟ್ಟುತ್ತವೆ ಅಂತ ತೋರಿಸಿದವರಲ್ಲಿ ಮುಖ್ಯರು. ವಿಶ್ವಕ್ಕೆ ಒಂದು ಆರಂಭ ಇದೆ ಅನ್ನುವುದರಲ್ಲಿ ಅವರಿಗೆ ಮತಧರ್ಮದ ವಾಸನೆ ಬಂತು. ಬೇರೆ ಕಾರಣಗಳ ಜೊತೆಗೆ ಅದೂ ಸೇರಿ, 1965ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಅನ್ನುವ ವಿಜ್ಞಾನಿಗಳು ಮಹಾಸ್ಫೋಟಕ್ಕೆ ದೊಡ್ಡ ಪುರಾವೆಯಾದ ಆದಿಕಾಲದ ಉಳಿಕೆ ವಿಕಿರಣದ ಸುದ್ದಿ ಪ್ರಕಟಿಸಿದ ಮೇಲೂ ಅವರು ಮಹಾಸ್ಫೋಟವನ್ನು ಮನಸಾರೆ ಒಪ್ಪಲಿಲ್ಲ. ಆ ಸುದ್ದಿ ಲೆಮೈತ್ರ್‌ಗೆ ತಲುಪುವಾಗ ಅವರು ಕಾಯಿಲೆ ಬಿದ್ದಿದ್ದರು. 1966ರ ಜೂನ್‌ನಲ್ಲಿ ತೀರಿಕೊಂಡರು.

ಈಗ ನಮ್ಮ ಕಡೆಗೆ ಬರೋಣ. ಸೂರ್ಯನನ್ನು ಚಂದ್ರ ಮರೆಮಾಡುತ್ತಾನೆ, ಚಂದ್ರನನ್ನು ಭೂಮಿಯ ನೆರಳು ಮುಚ್ಚುತ್ತದೆ, ಇದೇ ಗ್ರಹಣ ಅಂತ ಆರ್ಯಭಟ 499ರಲ್ಲೇ ಸ್ಪಷ್ಟವಾಗಿ ಹೇಳಿದರು. 628ರಲ್ಲಿ ಬ್ರಹ್ಮಗುಪ್ತ ಅದೇ ನೆರಳಿನ ಲೆಕ್ಕ ಹಿಡಿದು ಗ್ರಹಣ ಗುಣಿಸುವ ಕ್ರಮ ಕೊಟ್ಟರು. ಅದೇ ಗ್ರಂಥದ ಇನ್ನೊಂದು ಕಡೆ, ರಾಹುವನ್ನು ಒಪ್ಪದ ಆರ್ಯಭಟ ಮುಂತಾದವರನ್ನು ಬೈದರು. ಶ್ರುತಿ, ಸ್ಮೃತಿಯಲ್ಲಿ ರಾಹು ಇದ್ದಾನೆ, ಜನ ಗ್ರಹಣಸ್ನಾನ ಮಾಡುತ್ತಾರೆ, ಅದನ್ನೆಲ್ಲ ಸುಳ್ಳು ಅನ್ನುವುದು ಹೇಗೆ ಅನ್ನುವುದು ಅವರ ವಾದ. 11ನೇ ಶತಮಾನದಲ್ಲಿ ನಮ್ಮ ಶಾಸ್ತ್ರಗಳನ್ನು ಓದಿದ ಹೊರನಾಡಿನ ವಿದ್ವಾಂಸ ಅಲ್ ಬಿರೂನಿ ಇದನ್ನು ಕಂಡು ಬೆರಗಾದರು. ಇಷ್ಟು ದೊಡ್ಡ ಗಣಿತಜ್ಞ ತನಗೆ ಗೊತ್ತಿದ್ದ ಸತ್ಯವನ್ನು ಯಾಕೆ ಬಚ್ಚಿಟ್ಟರು, ಪುರೋಹಿತರ ಭಯವೇ ಅಂತ ಕೇಳಿದರು. ಬ್ರಹ್ಮಗುಪ್ತರ ಮನಸ್ಸಿನಲ್ಲಿ ಏನಿತ್ತೋ ನಾವು ಹೇಳಲಾಗದು. ಆದರೆ ಅವರ ಲೆಕ್ಕದಲ್ಲಿ ರಾಹು ಎಲ್ಲೂ ಬರುವುದಿಲ್ಲ.

ನಮ್ಮ ಮನೆಯ ಪಂಚಾಂಗ ತೆಗೆದು ನೋಡಿ. ಗ್ರಹಣದ ಸ್ಪರ್ಶ, ಮಧ್ಯ, ಮೋಕ್ಷ, ಮೂರಕ್ಕೂ ಗಂಟೆ, ನಿಮಿಷ ಕೊಟ್ಟಿರುತ್ತಾರೆ. ಆ ನಿಮಿಷ ಬಂದಿದ್ದು ನೆರಳಿನ ಲೆಕ್ಕದಿಂದ. ಕೆಳಗೇ ಯಾವ ರಾಶಿಯವರು ನೋಡಬಾರದು, ಯಾವಾಗ ಊಟ ಮಾಡಬಾರದು ಅಂತ ಇರುತ್ತದೆ. ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಡುವುದನ್ನು ನಾವೆಲ್ಲ ನೋಡಿದ್ದೇವೆ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರದ ಕರಾವಳಿಯಿಂದ ರಾಯಚೂರಿನ ಕಡೆಗೆ ನಮ್ಮ ರಾಜ್ಯದ ಮೇಲೇ ಹಾದುಹೋಯಿತು. ವಿಜ್ಞಾನಿಗಳು ದೂರದೂರದಿಂದ ಉಪಕರಣ ಹೊತ್ತು ಬಂದಿದ್ದರು. ಇಲ್ಲಿನ ಎಷ್ಟೋ ಜನ ಕಿಟಕಿ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಮನೆ ಮೇಲೇ ನಡೆದ ಆ ಅದ್ಭುತವನ್ನು ನೋಡಲಿಲ್ಲ. ಇದು ನೆನಪಾದಾಗೆಲ್ಲ ನನಗೆ ಸಂಕಟ ಆಗುತ್ತದೆ.

ಕೆಲವರು ಹೇಳುತ್ತಾರೆ, ವಿಜ್ಞಾನದ ಕ್ಷೇತ್ರ ಬೇರೆ, ಧರ್ಮದ ಕ್ಷೇತ್ರ ಬೇರೆ, ಜಗಳವೇ ಇಲ್ಲ ಅಂತ. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಗ್ರಹಣದ ಹೊತ್ತಿನಲ್ಲಿ ಅನ್ನ ವಿಷವಾಗುತ್ತದೆ ಅಂದರೆ ಅದು ಅನ್ನದ ಬಗ್ಗೆ ಹೇಳಿದ ಮಾತು. ಪರೀಕ್ಷೆ ಮಾಡಬಹುದು. ಒಬ್ಬರು ಗಾಳಿಯಿಂದ ವಸ್ತು ತೆಗೆಯುತ್ತಾರೆ ಅಂದರೆ ಅದನ್ನೂ ಪರೀಕ್ಷೆ ಮಾಡಬಹುದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದ್ದು ಇದಕ್ಕೇ. ಅವರು ಪರಮಾಣು ಭೌತಶಾಸ್ತ್ರ ಓದಿದವರು, ಖಾದಿ ಉಟ್ಟ ಗಾಂಧಿವಾದಿ. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಅವಕಾಶ ಕೇಳಿದರು. ಅವಕಾಶ ಸಿಗಲಿಲ್ಲ. ಭಕ್ತರ ಮನಸ್ಸು ನೋಯಿಸಿದರು ಅಂತ ಆಗ ತುಂಬಾ ಜನ ಬೈದರು. ನೋವಾಗಿದ್ದು ನಿಜವೇ ಇರಬಹುದು. ಆದರೂ ಅವರು ಕೇಳಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ದೇವರು ಇದ್ದಾನಾ ಅಂತ ಆ ಸಮಿತಿ ತೀರ್ಪು ಕೊಡಲು ಹೊರಟಿರಲಿಲ್ಲ. ಕಣ್ಣಿಗೆ ಕಾಣುವ ಘಟನೆಯನ್ನು ಕಣ್ಣಿಟ್ಟು ನೋಡಲು ಬಿಡಿ ಅಂತ ಕೇಳಿತ್ತು.

ಪರೀಕ್ಷೆ ಮಾಡಬಹುದಾದ ಮಾತಿಗೂ ನಂಬಿಕೆಗೂ ನಡುವಿನ ಈ ಗೆರೆಯನ್ನು ಲೆಮೈತ್ರ್ ಕೂಡ ಬಲ್ಲವರು. ಬೈಬಲ್ ಬರೆದವರು ಮೋಕ್ಷದ ದಾರಿ ಹೇಳಲು ಹೊರಟವರು, ಅದರಲ್ಲಿ ಭೌತಶಾಸ್ತ್ರ ಹುಡುಕಬೇಡಿ ಅಂತಿದ್ದರು. ನಮ್ಮಲ್ಲಿ ವೇದದಲ್ಲೇ ವಿಮಾನ ಇತ್ತು, ಪುರಾಣದಲ್ಲೇ ಪ್ಲಾಸ್ಟಿಕ್ ಸರ್ಜರಿ ಇತ್ತು ಅನ್ನುವವರಿಗೂ ನಾನು ಪ್ರೀತಿಯಿಂದ ಅದನ್ನೇ ಹೇಳುತ್ತೇನೆ. ಸಾವಿರಾರು ವರ್ಷ ಜನರಿಗೆ ಸಾಂತ್ವನ ಕೊಟ್ಟ ಗ್ರಂಥಕ್ಕೆ ಎಂಜಿನಿಯರಿಂಗ್ ಸರ್ಟಿಫಿಕೇಟ್ ಬೇಡ. ಹಾಗೆಯೇ, ವಿಶ್ವ ಹಿಗ್ಗುತ್ತಿದೆ ಅಂತ ತೋರಿಸಿದ ತಕ್ಷಣ ದೇವರಿಲ್ಲ ಅಂತ ಸಾಬೀತಾಯಿತು ಅನ್ನುವ ಗೆಳೆಯರಿಗೂ ಹೇಳುತ್ತೇನೆ, ಆ ಸಮೀಕರಣದಲ್ಲಿ ಅಂಥ ಸಾಲು ಇಲ್ಲ. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಪೂರ್ತಿ ಹೊರಗಿದೆ, ದೇವರನ್ನು ಅಲ್ಲಗಳೆಯುವ ಸ್ವಾತಂತ್ರ್ಯ ಭೌತವಾದಿಗೆ ಹಾಗೇ ಉಳಿದಿದೆ ಅಂತ 1958ರಲ್ಲಿ ಹೇಳಿದವರು ಆ ಪಾದ್ರಿಯೇ.

ಒಂದು ಕೋರಿಕೆ ಇದೆ. 2027ರ ಆಗಸ್ಟ್ 2ರ ಸೋಮವಾರ ಮಧ್ಯಾಹ್ನದ ಮೇಲೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಇದೆ. ಮಳೆಗಾಲ, ಮೋಡ ಬಿಟ್ಟರೆ ಕಾಣುತ್ತದೆ. ಬರಿಗಣ್ಣಲ್ಲಿ ನೋಡಬೇಡಿ, ಸೌರ ಕನ್ನಡಕ ಬೇಕು. ಅದಿಲ್ಲದಿದ್ದರೆ ರಟ್ಟಿನಲ್ಲಿ ಸೂಜಿತೂತು ಮಾಡಿ ಗೋಡೆ ಮೇಲೆ ಸೂರ್ಯನ ಬಿಂಬ ಬೀಳಿಸಿ. ಉಪವಾಸ ಇರುವವರು ಉಪವಾಸ ಇದ್ದುಕೊಂಡೇ ಬನ್ನಿ, ಸ್ನಾನ, ಜಪ ಮಾಡುವವರು ಮುಗಿಸಿಕೊಂಡು ಬನ್ನಿ. ಮಕ್ಕಳನ್ನು ಮಾತ್ರ ಮನೆಯೊಳಗೆ ಕೂಡಿಹಾಕಬೇಡಿ.

ಪ್ರಶ್ನೆಗಳಿದ್ದರೆ ಕೇಳಿ.