ಮನೆಯ ಆಂಪ್‌ಗೆ ಹೊಸ ಸ್ಪೀಕರ್: ವಾಟ್ ಲೆಕ್ಕ ಕೊನೆಗಿರಲಿ

[ಪರದೆ ಮೇಲೆ: ಆಂಪ್ಲಿಫೈಯರ್‌ನ ಹಿಂಭಾಗ, ಸ್ಪೀಕರ್ ವೈರ್ ಸಿಕ್ಕಿಸುವ ಜಾಗ]

ನಮಸ್ಕಾರ. ಮನೆಯಲ್ಲಿ ಒಳ್ಳೆ ಸ್ಟೀರಿಯೋ ಆಂಪ್ ಇದೆ, ಅದಕ್ಕೆ ಹೊಸ ಸ್ಪೀಕರ್ ಬೇಕು. ಅಂಗಡಿಗೆ ಹೋದರೆ ಮೊದಲ ಪ್ರಶ್ನೆ ಇದೇ: "ಎಷ್ಟು ವಾಟ್ ಬೇಕು ಸರ್?" ಉತ್ತರ ಹೇಳುವ ಮೊದಲು, ಮನೆಯಲ್ಲೇ ಆಂಪ್ ತಿರುಗಿಸಿ ಅದರ ಬೆನ್ನು ನೋಡಿ.

ವೈರ್ ಸಿಕ್ಕಿಸುವ ಜಾಗದ ಪಕ್ಕ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. "4ರಿಂದ 16 ಓಮ್" ಅಂತಲೋ, "ಕನಿಷ್ಠ 6 ಓಮ್" ಅಂತಲೋ. ಓಮ್ ಅಂದರೆ ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ, ಈ ತಡೆಗೇ ಇಂಪೀಡೆನ್ಸ್ ಅನ್ನುತ್ತಾರೆ. ಸ್ಪೀಕರ್‌ನ ಓಮ್ ಕಡಿಮೆಯಾದಷ್ಟೂ ಅದು ಆಂಪ್‌ನಿಂದ ಜಾಸ್ತಿ ಕರೆಂಟ್ ಎಳೆಯುತ್ತದೆ. 8 ಓಮ್ ಬದಲು 4 ಓಮ್ ಹಾಕಿದರೆ ಅದೇ ವಾಲ್ಯೂಮಿನಲ್ಲಿ ಕರೆಂಟ್ ಎರಡರಷ್ಟಾಗುತ್ತದೆ. ಆಂಪ್‌ಗೆ ಅಷ್ಟು ತಾಕತ್ತಿದ್ದರೆ ತೊಂದರೆ ಇಲ್ಲ. ಇಲ್ಲದಿದ್ದರೆ ಬಿಸಿಯಾಗುತ್ತದೆ, ವಾಲ್ಯೂಮ್ ಏರಿಸಿದಾಗ ಟಕ್ ಅಂತ ಆಫ್ ಆಗುತ್ತದೆ. ರಕ್ಷಣೆಯ ಸರ್ಕ್ಯೂಟ್ ಇಲ್ಲದ ಹಳೆ ಆಂಪ್ ಆದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೇ ಹೋಗಬಹುದು. ಓಮ್ ಜಾಸ್ತಿ ಇದ್ದರೆ ಭಯ ಬೇಡ. 6 ಓಮ್ ಬರೆದ ಟ್ರಾನ್ಸಿಸ್ಟರ್ ಆಂಪ್‌ಗೆ 8 ಓಮ್ ಸ್ಪೀಕರ್ ಹಾಕಿ, ಸದ್ದು ಸ್ವಲ್ಪ ಕಮ್ಮಿ ಬರುತ್ತದೆ, ಅಷ್ಟೆ. ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಇರುವವರು ಮಾತ್ರ 4ಕ್ಕೆ 4, 8ಕ್ಕೆ 8 ಅಂತ ಸರಿಯಾದ ಟರ್ಮಿನಲ್‌ಗೇ ಸಿಕ್ಕಿಸಬೇಕು.

ಇನ್ನೊಂದು ವಿಷಯ. ಸ್ಪೀಕರ್ ಮೇಲೆ ಬರೆದ ಓಮ್ ಒಂದೇ ಸಮ ಇರುವುದಿಲ್ಲ, ಸ್ವರದ ಜೊತೆ ಏರಿಳಿಯುತ್ತದೆ. ವಿದ್ಯುತ್ ಉಪಕರಣಗಳ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಇಸಿಯ ನಿಯಮದ ಪ್ರಕಾರ, ಬರೆದ ಓಮ್‌ನ ಶೇಕಡಾ 80ಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ 8 ಓಮ್ ಎಂದು ಬರೆದದ್ದು 6.4ಕ್ಕಿಂತ ಕೆಳಗೆ ಹೋಗಬಾರದು. ಆದರೆ 8 ಓಮ್ ಎಂದು ಬರೆದು 4ರ ಹತ್ತಿರ ಇಳಿಯುವ ಸ್ಪೀಕರ್‌ಗಳು ಬೇಕಾದಷ್ಟಿವೆ. "8 ಓಮ್ ಕಂಪ್ಯಾಟಿಬಲ್" ಅಂತ ಬರೆದಿದ್ದರೆ ನನಗಂತೂ ಮೊದಲು ಅನುಮಾನವೇ ಬರುತ್ತದೆ. "ಕನಿಷ್ಠ ಇಂಪೀಡೆನ್ಸ್ ಎಷ್ಟು?" ಅಂತ ಕೇಳಿ.

ಎ ಮತ್ತು ಬಿ ಅಂತ ಎರಡು ಜೊತೆ ಸ್ಪೀಕರ್ ಹಾಕುವ ಸೌಕರ್ಯ ಇದ್ದರೆ ಅಲ್ಲೂ ಹುಷಾರು. ಸಾಮಾನ್ಯವಾಗಿ ಎರಡೂ ಪ್ಯಾರಲಲ್ ಆಗಿ ಸೇರುತ್ತವೆ. 8 ಮತ್ತು 8 ಸೇರಿ ಆಂಪ್‌ಗೆ 4 ಓಮ್ ಆಗಿ ಕಾಣುತ್ತದೆ.

[ಪರದೆ ಮೇಲೆ: ಸ್ಪೀಕರ್ ಸ್ಪೆಸಿಫಿಕೇಶನ್ ಹಾಳೆ, "ಸೆನ್ಸಿಟಿವಿಟಿ" ಸಾಲಿಗೆ ಹಳದಿ ಗುರುತು]

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಅಂಕಿ: ಸೆನ್ಸಿಟಿವಿಟಿ. 1 ವಾಟ್ ಕೊಟ್ಟು, 1 ಮೀಟರ್ ದೂರದಲ್ಲಿ ಅಳೆದರೆ ಸ್ಪೀಕರ್ ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಅನ್ನುವ ಲೆಕ್ಕ. ಮನೆ ಸ್ಪೀಕರ್‌ಗಳಲ್ಲಿ ಹೆಚ್ಚಿನವು 84ರಿಂದ 90ರ ನಡುವೆ ಇರುತ್ತವೆ. ಬರೀ 6 ಡೆಸಿಬೆಲ್ ವ್ಯತ್ಯಾಸ ಅನ್ನಬೇಡಿ. ಪ್ರತಿ 3 ಡೆಸಿಬೆಲ್‌ಗೆ ಎರಡರಷ್ಟು ಪವರ್ ಬೇಕು. ಹಾಗಾಗಿ 90 ಡೆಸಿಬೆಲ್ ಸ್ಪೀಕರ್ 20 ವಾಟ್‌ನಲ್ಲಿ ಮಾಡುವ ಸದ್ದನ್ನು 84ರ ಸ್ಪೀಕರ್ ಮಾಡಬೇಕಾದರೆ 80 ವಾಟ್ ಬೇಕು! ಆಂಪ್ ಬದಲಿಸುವ ದುಡ್ಡು ಇಲ್ಲೇ ಉಳಿಯಿತು ನೋಡಿ.

ಇಲ್ಲೂ ಒಂದು ಕೈಚಳಕ ಇದೆ. ಈಗ ಬಹಳಷ್ಟು ಕಂಪನಿಗಳು 1 ವಾಟ್ ಬದಲು "2.83 ವೋಲ್ಟ್" ಅಂತ ಬರೆಯುತ್ತವೆ. 8 ಓಮ್‌ಗೆ 2.83 ವೋಲ್ಟ್ ಕೊಟ್ಟರೆ ಸರಿಯಾಗಿ 1 ವಾಟ್. ಆದರೆ 4 ಓಮ್‌ಗೆ ಅದೇ ವೋಲ್ಟ್ ಕೊಟ್ಟರೆ 2 ವಾಟ್ ಆಗುತ್ತದೆ. ಆದ್ದರಿಂದ 4 ಓಮ್ ಸ್ಪೀಕರ್ ಮೇಲೆ 90 ಅಂತ ಇದ್ದರೆ ಮನಸ್ಸಿನಲ್ಲೇ 3 ಕಳೆದು 87 ಅಂದುಕೊಳ್ಳಿ.

ಈಗ ವಾಟ್ ಲೆಕ್ಕಕ್ಕೆ ಬರೋಣ. 87 ಡೆಸಿಬೆಲ್ ಸ್ಪೀಕರ್ ಒಂದು ಜೊತೆ, ತಲಾ 1 ವಾಟ್, ನೀವು 3 ಮೀಟರ್ ದೂರದಲ್ಲಿ ಕೂತಿದ್ದೀರಿ. ನಿಮ್ಮ ಕಿವಿಗೆ 80 ಡೆಸಿಬೆಲ್ ಆಸುಪಾಸು ಬರುತ್ತದೆ. ಮಾಮೂಲಿ ಮಾತುಕತೆ 60ರ ಹತ್ತಿರ ಇರುತ್ತದೆ. ಅಂದರೆ 1 ವಾಟ್‌ಗೇ ಪಕ್ಕದ ರೂಮಿನವರು "ಸ್ವಲ್ಪ ಕಮ್ಮಿ ಮಾಡ್ತೀಯಾ?" ಅನ್ನುವಷ್ಟು ಸದ್ದು! ಮತ್ತೆ ಉಳಿದ ವಾಟ್ ಯಾಕೆ? ಏಟುಗಳಿಗೆ. ಸಂಗೀತ ಕಚೇರಿಯ ರೆಕಾರ್ಡಿಂಗ್ ಹಾಕಿ. ತಂಬೂರ, ಆಲಾಪನೆ ನಡೆಯುವಾಗ ಆಂಪ್‌ಗೆ ಕೆಲಸವೇ ಇಲ್ಲ. ತನಿ ಆವರ್ತನದಲ್ಲಿ ಮೃದಂಗದ ಒಂದು ಗಟ್ಟಿ ಪೆಟ್ಟಿಗೆ ಆ ಕ್ಷಣ ಹತ್ತು, ಇಪ್ಪತ್ತು ಪಟ್ಟು ಪವರ್ ಬೇಕಾಗುತ್ತದೆ. ಅದು ಸಿಗದಿದ್ದರೆ ಪೆಟ್ಟು ಮೊಂಡಾಗುತ್ತದೆ. ಇದೇ ಕ್ಲಿಪ್ಪಿಂಗ್. ಸಣ್ಣ ಆಂಪ್‌ನ ವಾಲ್ಯೂಮ್ ಪೂರ್ತಿ ತಿರುಗಿಸಿ ಹೀಗೆ ಗಂಟೆಗಟ್ಟಲೆ ಬಾರಿಸಿದರೆ ಟ್ವೀಟರ್, ಅಂದರೆ ತಾರ ಸ್ವರ ನುಡಿಸುವ ಪುಟ್ಟ ಘಟಕ, ಸುಟ್ಟುಹೋಗಬಹುದು, ಸ್ಪೀಕರ್ ಮೇಲೆ 100 ವಾಟ್ ಅಂತ ಬರೆದಿದ್ದರೂ ಸಹ. ಆ 100 ತಾಳಿಕೊಳ್ಳುವ ಮಿತಿ, ಸದ್ದಿನ ಅಳತೆ ಅಲ್ಲ. ಇನ್ನು "2000 ವಾಟ್ ಪಿಎಂಪಿಒ" ಅಂತ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇದ್ದರೆ ಓದಿ ನಕ್ಕು ಮುಂದೆ ಹೋಗಿ. ಆರ್‌ಎಂಎಸ್ ವಾಟ್, ಅಂದರೆ ಸತತವಾಗಿ ನಡೆಯುವ ಪವರ್, ಅದೊಂದನ್ನೇ ನಂಬಿ.

ವಾಟ್ ಅಂಕಿಯೊಂದೇ ಎಲ್ಲ ಹೇಳುವುದಿಲ್ಲ ಅನ್ನುವುದಕ್ಕೆ ಎರಡು ಉದಾಹರಣೆ. 1970ರ ದಶಕದ ಕೊನೆಯಲ್ಲಿ ಬಂದ ಎನ್‌ಎಡಿ 3020 ಆಂಪ್‌ಗೆ ಕಾಗದದ ಮೇಲೆ ಇದ್ದದ್ದು ಚಾನೆಲ್‌ಗೆ 20 ವಾಟ್. ಕ್ಷಣಮಾತ್ರದ ಏಟಿಗೆ ಅದು ಅದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತಿತ್ತು, ಕಡಿಮೆ ಓಮ್‌ಗೂ ಹೆದರುತ್ತಿರಲಿಲ್ಲ. ಇನ್ನೊಂದು ಕಡೆ ಬಿಬಿಸಿಯವರು ತಮ್ಮ ಹೊರಾಂಗಣ ಪ್ರಸಾರದ ವ್ಯಾನ್‌ಗಳಿಗಾಗಿ ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್. ಸೆನ್ಸಿಟಿವಿಟಿ 82, 83ರ ಹತ್ತಿರ. ಆದರೂ ಅಲ್ಲಿ ಕೆಲಸ ಮಾಡಿತು, ಯಾಕೆಂದರೆ ವ್ಯಾನ್‌ನೊಳಗೆ ಕೇಳುವವರು ಹತ್ತಿರವೇ ಕೂರುತ್ತಿದ್ದರು.

[ಪರದೆ ಮೇಲೆ: ಟೈಲ್ಸ್ ನೆಲ, ಖಾಲಿ ಗೋಡೆ, ಶೋಕೇಸ್‌ನಲ್ಲಿ ತುರುಕಿದ ಸ್ಪೀಕರ್]

ಕೋಣೆಯನ್ನೂ ನೋಡಿ. ನಮ್ಮ ಕಡೆ 10ಕ್ಕೆ 12 ಅಡಿ ರೂಮು, ಕಾಂಕ್ರೀಟ್ ಗೋಡೆ, ಟೈಲ್ಸ್ ನೆಲ. ಬೇಸ್ ಇಂಥ ಕೋಣೆಯಿಂದ ಹೊರಗೆ ಹೋಗುವುದಿಲ್ಲ, ಮೂಲೆಯಲ್ಲಿ ಗುಂಯ್‌ಗುಡುತ್ತದೆ. ಇಲ್ಲಿಗೆ ನೆಲದ ಮೇಲೆ ನಿಲ್ಲುವ ಎತ್ತರದ ಟವರ್ ಸ್ಪೀಕರ್ ದಂಡ. ಹಿಂದೆ ತೂತು, ಅಂದರೆ ಪೋರ್ಟ್ ಇರುವ ಸ್ಪೀಕರ್‌ಗೆ ಗೋಡೆಯಿಂದ ಒಂದು ಅಡಿಯಾದರೂ ಜಾಗ ಬಿಡಿ. ಆಗದು, ಶೋಕೇಸ್‌ನಲ್ಲೇ ಇಡಬೇಕು ಅಂದರೆ ಮುಂದೆ ಪೋರ್ಟ್ ಇರುವುದು ಅಥವಾ ಪೋರ್ಟೇ ಇಲ್ಲದ್ದು ತಗೊಳ್ಳಿ. 30, 40 ವಾಟ್‌ನ ಆಂಪ್‌ಗೆ, ಈ ಅಳತೆಯ ಕೋಣೆಗೆ, ನಾನಾದರೆ 87ಕ್ಕಿಂತ ಮೇಲಿನ ಸೆನ್ಸಿಟಿವಿಟಿಯ 8 ಓಮ್ ಬುಕ್‌ಶೆಲ್ಫ್ (ಸಣ್ಣ ಗಾತ್ರದ) ಸ್ಪೀಕರ್ ಜೋಡಿಯನ್ನೇ ಹುಡುಕುತ್ತೇನೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಲೇಬಲ್ ಕಿತ್ತುಹೋಗಿದ್ದರೆ ಮಲ್ಟಿಮೀಟರ್ ಇಟ್ಟು ನೋಡಿ. 6ರ ಆಸುಪಾಸು ತೋರಿಸಿದರೆ ಅದು ಹೆಚ್ಚಾಗಿ 8 ಓಮ್, 3 ಚಿಲ್ಲರೆ ಆದರೆ 4 ಓಮ್.

ವೈರ್‌ಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಮನೆ ವೈರಿಂಗ್‌ಗೆ ಬಳಸುವ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಣ್ಣ ಕೋಣೆಗೆ ಧಾರಾಳವಾಗಿ ಸಾಕು.

ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಅನುಮಾನ ಬಂದರೆ ಆಂಪ್ ಆಫ್ ಮಾಡಿ ಒಂದೇ ಒಂದು ಸ್ಪೀಕರ್‌ನ ವೈರ್ ಅದಲು ಬದಲು ಮಾಡಿ, ಅದೇ ಹಾಡು ಮತ್ತೆ ಹಾಕಿ. ಬೇಸ್ ಯಾವಾಗ ಜಾಸ್ತಿ ಬಂತೋ, ಹಾಡುವವರ ದನಿ ಯಾವಾಗ ಎರಡು ಸ್ಪೀಕರ್ ನಡುವೆ ನಿಂತಿತೋ, ಆ ಜೋಡಣೆಯೇ ಸರಿ.