ಅಂಟು ಉಳಿದ ಮೂಲೆ

ಈ ಮೂಲೆ ನೋಡಿ. ಬೆರಳಿಟ್ಟರೆ ಇನ್ನೂ ಅಂಟುತ್ತದೆ. ನೆಲಕ್ಕೆ ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಲೇಪ, ಸುರಿದು ನಾಲ್ಕು ದಿನವಾಯಿತು. ಉಳಿದ ನೆಲವೆಲ್ಲ ಗಾಜಿನ ಹಾಗೆ ಗಟ್ಟಿಯಾಗಿದೆ, ಇಲ್ಲಿ ಮಾತ್ರ ಒಣಗದ ಗೋಂದು. ಮಾಲು ಚೆನ್ನಾಗಿಯೇ ಇತ್ತು. ತಪ್ಪು ನನ್ನದು. ಸುಮ್ನೆ ಯಾಕೆ ಹಾಳುಮಾಡೋದು ಅಂತ ಬಕೆಟ್ ಕೆರೆದು ಕೊನೆಯ ಹನಿಯನ್ನೂ ಇಲ್ಲೇ ಸುರಿದಿದ್ದೆ.

ಇವತ್ತು ಎರಡನೇ ಕೋಣೆ.

ಮೊದಲು ರೆಸಿನ್, ಅಂದರೆ ಮುಖ್ಯ ದ್ರವದ ಡಬ್ಬವನ್ನಷ್ಟೇ ಕಲಕುತ್ತಿದ್ದೇನೆ. ಮೇಲೆ ತೆಳುವಾಗಿದೆ, ಬಣ್ಣವೆಲ್ಲ ತಳದಲ್ಲಿ ಕೆಸರಿನ ಹಾಗೆ ಕೂತಿದೆ. ಎಲ್ಲ ಒಂದೇ ಬಣ್ಣಕ್ಕೆ ಬಂದ ಮೇಲೆ ಹಾರ್ಡನರ್, ಅಂದರೆ ಅದನ್ನು ಗಟ್ಟಿಮಾಡುವ ಎರಡನೇ ದ್ರವ. ಕಣ್ಣಂದಾಜು ಬೇಡ. ಡಬ್ಬದ ಮೇಲಿನ ಅಳತೆ ತೂಕದ್ದಾ, ಲೀಟರಿನದ್ದಾ ಅಂತ ಓದಿಕೊಳ್ಳಿ, ಎರಡೂ ಒಂದೇ ಅಲ್ಲ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅಂತ ನಾನೂ ನಂಬಿದ್ದೆ. ಹಾಗಾಗುವುದಿಲ್ಲ. ಹೆಚ್ಚಾದ ಹಾರ್ಡನರಿಗೆ ಸೇರಿಕೊಳ್ಳಲು ರೆಸಿನ್ ಸಿಗದೆ ಅದು ಹಾಗೇ ಉಳಿದುಬಿಡುತ್ತದೆ.

ಡ್ರಿಲ್ ನಿಧಾನಕ್ಕಿರಲಿ, ನಿಮಿಷಕ್ಕೆ 300ರಿಂದ 400 ಸುತ್ತು. ಅದರ ತುದಿಗೆ ಸಿಕ್ಕಿಸಿದ ಕಲಕುವ ಪ್ಯಾಡಲ್ ಮುಳುಗಿಯೇ ಇರಬೇಕು. ತಿರುಗುವಾಗ ಮೇಲೆತ್ತಿದರೆ ಗಾಳಿ ಒಳಗೆ ಹೋಗುತ್ತದೆ, ಆಮೇಲೆ ನೆಲದ ತುಂಬ ಗುಳ್ಳೆ.

ಮೂರು ನಿಮಿಷ ಆಯಿತು. ನೋಡೋಕೆ ಚೆನ್ನಾಗಿ ಬೆರೆತಿದೆ, ಅಲ್ವಾ? ಕ್ಯಾಮೆರಾ ಹತ್ತಿರ ತರುತ್ತೇನೆ. ಪಟ್ಟಿಯಿಂದ ಬಕೆಟ್ಟಿನ ಒಳಗೋಡೆ ಕೆರೆದೆ. ಬೂದು ಬಣ್ಣದ ನಡುವೆ ಸಣ್ಣ ಹೊಳೆಯುವ ಗೆರೆ ಕಾಣುತ್ತಿದೆಯಾ? ಅದು ಬೆರೆಯದೇ ಉಳಿದ ಹಾರ್ಡನರ್. ಗೋಡೆಗೂ ತಳದ ಅಂಚಿಗೂ ಪ್ಯಾಡಲ್ ತಾಕುವುದೇ ಇಲ್ಲ. ನನ್ನ ಮೂಲೆ ಕೆಟ್ಟಿದ್ದು ಇದರಿಂದಲೇ.

ಹಾಗಾಗಿ ಎಲ್ಲವನ್ನೂ ಒಣಗಿದ, ಶುಚಿಯಾದ ಇನ್ನೊಂದು ಬಕೆಟ್ಟಿಗೆ ಸುರಿದು ಮತ್ತೊಂದು ನಿಮಿಷ ಕಲಕುತ್ತೇನೆ. ಹಳೇ ಬಕೆಟ್ಟಿಗೆ ಅಂಟಿದ್ದು ಅಲ್ಲೇ ಇರಲಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಕೆರೆಯಬೇಡಿ.

ಇನ್ನು ತಡಮಾಡುವ ಹಾಗಿಲ್ಲ. ಕೈಗವಸಿನ ಮೇಲೂ ಬಕೆಟ್ಟಿನ ಬಿಸಿ ಗೊತ್ತಾಗುತ್ತಿದೆ. ಒಟ್ಟಾಗಿದ್ದಷ್ಟೂ ಇದು ಬೇಗ ಕಾದು ಬಕೆಟ್ಟಿನಲ್ಲೇ ಕಲ್ಲಾಗುತ್ತದೆ. ನೆಲದ ಮೇಲೆ ತೆಳ್ಳಗೆ ಹರಡಿದರೆ ಬಿಸಿ ಹೊರಗೆ ಹೋಗಿ ಸ್ವಲ್ಪ ಸಮಯ ಸಿಗುತ್ತದೆ. ಉದ್ದಕ್ಕೆ ಸುರಿಯುತ್ತಿದ್ದೇನೆ, ಹಿಂದೆಯೇ ಮುಳ್ಳಿನ ರೋಲರ್. ಗುಳ್ಳೆಗಳು ಟಪ್ ಟಪ್ ಒಡೆಯುತ್ತಿವೆ.

ಆ ಅಂಟು ಮೂಲೆಯ ಮೇಲೆ ಹೊಸದನ್ನು ಸುರಿದರೆ ಮುಚ್ಚಿಹೋಗಲ್ವಾ ಅಂತೀರಾ? ಕೆಳಗಿನದು ಗಟ್ಟಿಯಾಗುವುದಿಲ್ಲ. ಕೆರೆದೇ ತೆಗೆಯಬೇಕು. ನಾಳೆ ಬೆಳಿಗ್ಗೆ ಅದೇ ಕೆಲಸ.