ಗಂಟೆಗೊಂದು ಬಾಂಬರ್: ವಿಲ್ಲೋ ರನ್ ಕಾರ್ಖಾನೆ

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ವಿಮಾನಗಳನ್ನು ರಾಶಿಗಟ್ಟಲೆ ತಯಾರಿಸಿತು ಎಂದ ಕೂಡಲೇ, ವಿಮಾನಗಳು ಸಾಲಾಗಿ ಮುಂದೆ ಸಾಗುವ ಕಾರ್ಖಾನೆಯ ಚಿತ್ರ ಕಣ್ಣಿಗೆ ಬರುತ್ತದೆ. ಚಿತ್ರ ಸುಳ್ಳಲ್ಲ. ಆದರೆ ಆ ಸಾಲು ಕೆಲಸದ ಕೊನೆಯ ಹಂತ. ಅದಕ್ಕೂ ಮೊದಲು ಅಚ್ಚು, ಅಳತೆ, ನಕ್ಷೆಗಳ ಜೊತೆ ನಡೆದ ಗುದ್ದಾಟವೇ ದೊಡ್ಡದು. ಡೆಟ್ರಾಯಿಟ್ ನಗರದ ಪಶ್ಚಿಮಕ್ಕಿದ್ದ ಫೋರ್ಡ್ ಕಂಪನಿಯ ವಿಲ್ಲೋ ರನ್ ಕಾರ್ಖಾನೆಯನ್ನೇ ನೋಡೋಣ.

1941ರ ಜನವರಿಯಲ್ಲಿ ಫೋರ್ಡ್‌ನ ಉತ್ಪಾದನಾ ಮುಖ್ಯಸ್ಥ ಚಾರ್ಲ್ಸ್ ಸೊರೆನ್ಸನ್ ಸ್ಯಾನ್ ಡಿಯಾಗೊಗೆ ಹೋದರು. ಅಲ್ಲಿ ಕನ್ಸಾಲಿಡೇಟೆಡ್ ಕಂಪನಿ ನಾಲ್ಕು ಎಂಜಿನ್‌ಗಳ ಬಿ-24 ಲಿಬರೇಟರ್ ಬಾಂಬರ್ ತಯಾರಿಸುತ್ತಿತ್ತು. ಅಂತಿಮ ಜೋಡಣೆ ಬಯಲಿನಲ್ಲಿ, ಉಕ್ಕಿನ ಚೌಕಟ್ಟುಗಳ ಮೇಲೆ ನಡೆಯುತ್ತಿತ್ತು. ಬಿಸಿಲೇರಿದಂತೆ ಲೋಹ ಹಿಗ್ಗಿ ಅಳತೆ ತಪ್ಪುತ್ತಿತ್ತು. ನುರಿತ ಕೆಲಸಗಾರರು ಒಂದೊಂದು ಭಾಗವನ್ನೂ ಕೈಯಾರೆ ಹೊಂದಿಸಬೇಕಿತ್ತು. ದರ್ಜಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ, ಒಂದು ವಿಮಾನಕ್ಕೆ ಸರಿಹೋದದ್ದು ಇನ್ನೊಂದಕ್ಕೆ ಹಿಡಿಯುವ ಖಾತರಿ ಇರಲಿಲ್ಲ. ಸೊರೆನ್ಸನ್ ಅಂದು ರಾತ್ರಿ ಹೋಟೆಲ್ ಕೋಣೆಯಲ್ಲಿ ಕುಳಿತು ಹೊಸ ಕಾರ್ಖಾನೆಯ ರೂಪುರೇಷೆ ಬರೆದರು. ದಿನಕ್ಕೊಂದು ವಿಮಾನ ಎಂಬುದು ಕನ್ಸಾಲಿಡೇಟೆಡ್‌ನವರ ಗುರಿ. ಇವರ ಲೆಕ್ಕ ಗಂಟೆಗೊಂದು!

ಕಟ್ಟಡದ ವಿನ್ಯಾಸ ಆಲ್ಬರ್ಟ್ ಕಾನ್ ಅವರದು. ನೇರವಾಗಿ ಸಾಗಬೇಕಾದ ಸಾಲು ನಡುವೆ ಲಂಬಕೋನದಲ್ಲಿ ತಿರುಗುತ್ತಿತ್ತು. ವಿಮಾನಗಳನ್ನು ತಿರುಗುವ ವೇದಿಕೆಯ ಮೇಲಿಟ್ಟು ತಿರುಗಿಸುತ್ತಿದ್ದರು. ಪಕ್ಕದ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶ) ತೆರಿಗೆ ತಪ್ಪಿಸಲು ಹೀಗೆ ಮಾಡಿದರೆಂದು ಹೇಳುತ್ತಾರೆ. ಯುದ್ಧ ಯುದ್ಧದ ಪಾಡಿಗೆ, ತೆರಿಗೆ ತೆರಿಗೆಯ ಪಾಡಿಗೆ.

ತೊಡಕು ಶುರುವಾದದ್ದು ಅಚ್ಚುಗಳಲ್ಲಿ. ವಿಮಾನ ಕಂಪನಿಗಳು ಹೆಚ್ಚಾಗಿ ಮೆದು ಲೋಹದ ಅಚ್ಚು ಬಳಸುತ್ತಿದ್ದವು. ವಿನ್ಯಾಸ ಬದಲಾದರೆ ಕರಗಿಸಿ ಮತ್ತೆ ಎರಕ ಹೊಯ್ದರಾಯಿತು. ಫೋರ್ಡ್‌ನವರು ಕಾರಿನ ಅಭ್ಯಾಸದಂತೆ ಗಟ್ಟಿ ಉಕ್ಕಿನ ಅಚ್ಚುಗಳನ್ನು ಮಾಡಿಸಿದರು. ಸಾವಿರಾರು ಭಾಗಗಳನ್ನು ಒಂದೇ ಅಳತೆಯಲ್ಲಿ ಒತ್ತಲು ಅವು ಉತ್ತಮ. ಬದಲಾವಣೆ ಬಂದರೆ ತಿಂಗಳುಗಳ ಕೆಲಸ ಹಾಳು. ವಾಯುಪಡೆಯಿಂದಲೋ ಬದಲಾವಣೆಗಳು ಬರುತ್ತಲೇ ಇದ್ದವು. ಕೊನೆಗೆ ಕಂಡುಕೊಂಡ ದಾರಿ ಇದು: ಇಷ್ಟು ವಿಮಾನಗಳನ್ನು ಒಂದೇ ವಿನ್ಯಾಸದಲ್ಲಿ ಮುಗಿಸುವುದು, ಆಮೇಲೆ ಆ ವಿಮಾನಗಳನ್ನು ಬೇರೆ ಕೇಂದ್ರಗಳಿಗೆ ಹಾರಿಸಿಕೊಂಡು ಹೋಗಿ ತುರ್ತು ತಿದ್ದುಪಡಿಗಳನ್ನು ಅಲ್ಲಿ ಮಾಡುವುದು. ನನ್ನ ಮಟ್ಟಿಗೆ, ಓಡುವ ಸಾಲಿಗಿಂತ ಈ ತೀರ್ಮಾನವೇ ದೊಡ್ಡ ಆವಿಷ್ಕಾರ.

ಇಷ್ಟಾದರೂ ಕೈಕೆಲಸ ತಪ್ಪಲಿಲ್ಲ. ಒಂದು ಬಿ-24ರಲ್ಲಿ 3 ಲಕ್ಷಕ್ಕೂ ಹೆಚ್ಚು ರಿವೆಟ್‌ಗಳಿದ್ದವು, ಅಂದರೆ ಲೋಹದ ಹಾಳೆಗಳನ್ನು ಒಂದಕ್ಕೊಂದು ಬಂಧಿಸುವ ಮೊಳೆಗಳು. ಬಹಳಷ್ಟು ಕಡೆ ಒಂದು ರಿವೆಟ್ಟಿಗೆ ಇಬ್ಬರು ಬೇಕು: ಹೊರಗಿನಿಂದ ಒಬ್ಬಳು ಗಾಳಿಯ ಒತ್ತಡದ ಗನ್ನಿನಿಂದ ಹೊಡೆಯಬೇಕು, ಒಳಗಿನಿಂದ ಇನ್ನೊಬ್ಬಳು ಉಕ್ಕಿನ ತುಂಡನ್ನು ಒತ್ತಿ ಹಿಡಿದು ಅದರ ತುದಿ ಚಪ್ಪಟೆಯಾಗುವಂತೆ ನೋಡಿಕೊಳ್ಳಬೇಕು. ‘ಒಬ್ಬಳು’ ಎಂದು ಬೇಕೆಂದೇ ಹೇಳಿದೆ. ಕೆಲಸಗಾರರಲ್ಲಿ ಸುಮಾರು ಮೂರನೇ ಒಂದು ಪಾಲು ಹೆಂಗಸರು. ರೆಕ್ಕೆಯೊಳಗಿನ ಇಕ್ಕಟ್ಟಿಗೆ ಕುಳ್ಳಗಿನವರನ್ನು ಹುಡುಕಿ ಸೇರಿಸಿಕೊಂಡದ್ದೂ ಉಂಟು.

ಊರಿಂದ ದೂರ, ಬಾಡಿಗೆ ಮನೆಗಳ ಅಭಾವ, ಸೇರಿದವರು ಬಿಟ್ಟುಹೋಗುತ್ತಿದ್ದರು. 1942ರಲ್ಲಿ ಇಡೀ ವರ್ಷಕ್ಕೆ ಹೊರಬಂದದ್ದು 56 ವಿಮಾನ. ಟೀಕೆಗಳಿಗೆ ಬರವಿರಲಿಲ್ಲ. ಆದರೆ 1944ರಲ್ಲಿ ಒಂದೇ ತಿಂಗಳು 428 ತಯಾರಾದವು. 1945ರಲ್ಲಿ ಸಾಲು ನಿಲ್ಲುವ ವೇಳೆಗೆ ಒಟ್ಟು 8,685. ಇದರಲ್ಲಿ 1,893 ಬಿಡಿಭಾಗಗಳಾಗಿ ಲಾರಿಗಳಲ್ಲಿ ಹೋಗಿ ಬೇರೆ ಕಾರ್ಖಾನೆಗಳಲ್ಲಿ ಜೋಡಣೆಯಾದವು.

ಲಿಬರೇಟರ್‌ಗೆ ಬೆಂಗಳೂರಿನ ನಂಟೂ ಇದೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಾಯುಪಡೆ ತನ್ನ ಲಿಬರೇಟರ್‌ಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಯಿತು. 1948ರಲ್ಲಿ ಬೆಂಗಳೂರಿನ ವಿಮಾನ ಕಂಪನಿ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು ಆ ರಾಶಿಯೊಳಗೆ ಸರಿಯಿದ್ದ ಭಾಗಗಳನ್ನು ಆಯ್ದು, ಒಂದರದ್ದನ್ನು ಇನ್ನೊಂದಕ್ಕೆ ಹಾಕಿ, ಹಾರುವ ಮಟ್ಟಿಗೆ ಸರಿಪಡಿಸಿದರು. ಪೈಲಟ್ ಜಮ್ಶೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ತಂದರು. ಇಲ್ಲಿ ಪೂರ್ತಿ ದುರಸ್ತಿಯಾದ ಮೇಲೆ ಅವು ಭಾರತೀಯ ವಾಯುಪಡೆಯಲ್ಲಿ 1968ರವರೆಗೆ ಹಾರಾಡಿದವು.